ಗೀಸರಿನ ಕೊಳವೆಗಳು ಮತ್ತು ನೀರಿನ ಒತ್ತಡ

ಹಂಪಿಯ ರಾಜಪ್ರಾಂಗಣದಲ್ಲಿ, 1980ರ ದಶಕದ ಉತ್ಖನನದಿಂದ ಬೆಳಕಿಗೆ ಬಂದ ಮೆಟ್ಟಿಲು ಪುಷ್ಕರಣಿಯನ್ನು ನೋಡಿದವರು, ಕಲ್ಲುಕಂಬಗಳ ಮೇಲೆ ಸಾಗಿಬರುವ ಶಿಲಾನಾಲೆಯನ್ನು ಮರೆಯಲಾರರು. ಮೇಲೆ ತೆರೆದಿರುವ ಆ ನಾಲೆಯಲ್ಲಿ ನೀರಿನ ಆಳ ಕಡಮೆ. ಆದುದರಿಂದ ಕಲ್ಲುಗಳ ಸಂದಿನ ಮೇಲೆ ಬೀಳುವ ಒತ್ತಡವೂ ಅಲ್ಪ. ಹೊಸಪೇಟೆಯ ಮನೆಯೊಂದರಲ್ಲಿ ಹಳೆಯ ಗೀಸರನ್ನು ತೆಗೆದು ಹೊಸದನ್ನು ಕೂಡಿಸುವಾಗ ಸಂಗತಿ ಬೇರೆ. ಇಲ್ಲಿ ನೀರು ಮುಚ್ಚಿದ ಕೊಳವೆಯಲ್ಲಿದೆ. ತಾರಸಿಯ ತೊಟ್ಟಿಯ ನೀರಿನ ಮಟ್ಟ ಗೀಸರಿಗಿಂತ 5 ಮೀಟರು ಎತ್ತರದಲ್ಲಿದ್ದರೆ, ಕೊಳವೆಯ ಕೀಲಿನ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು ಅರ್ಧ ಕಿಲೋಗ್ರಾಂ ಭಾರ ಬೀಳುತ್ತದೆ. ತೊಟ್ಟಿ 500 ಲೀಟರಿನದಾಗಲಿ, 2000 ಲೀಟರಿನದಾಗಲಿ, ಈ ಲೆಕ್ಕ ಬದಲಾಗದು. ಎತ್ತರವೇ ಇಲ್ಲಿ ಮುಖ್ಯ.

ಮೊದಲು ಮೆಯಿನ್ ಸ್ವಿಚ್ಚನ್ನು ಆರಿಸಿ, ನೀರಿನ ವಾಲ್ವನ್ನು ಮುಚ್ಚಬೇಕು. ಅನಂತರ ಎರಡು ಬಗೆಯ ಕೀಲುಗಳನ್ನು ಬೇರೆ ಬೇರೆಯಾಗಿ ತಿಳಿಯಬೇಕು. ಲೋಹದ ತಿರುಪಿನೊಳಗೆ ತಿರುಪು ಕೂಡುವಲ್ಲಿ, ಸುತ್ತುಗಳ ನಡುವೆ ಸುರುಳಿಯಾಕಾರದ ಒಂದು ಸಣ್ಣ ಹಾದಿ ಉಳಿಯುತ್ತದೆ. ಟೆಫ್ಲಾನ್ ಟೇಪು ಅದನ್ನು ತುಂಬುತ್ತದೆ. ಟೇಪನ್ನು ಬಿಗಿಸುವ ದಿಕ್ಕಿನಲ್ಲಿಯೇ ಸುತ್ತದಿದ್ದರೆ, ಬಿಗಿಸುವಾಗ ಅದು ಬಿಚ್ಚಿಕೊಳ್ಳುತ್ತದೆ. ಬಾಗುವ ಕೊಳವೆಯ ತುದಿಯ ನಟ್ಟಿನಲ್ಲಾದರೋ ನೀರನ್ನು ತಡೆಯುವುದು ರಬ್ಬರಿನ ವಾಷರು. ಅಲ್ಲಿ ಟೇಪಿನಿಂದ ಪ್ರಯೋಜನವಿಲ್ಲ. ಅತಿಯಾಗಿ ಬಿಗಿಸಿದರೆ ವಾಷರು ಹರಿಯುತ್ತದೆ. ಸೋರಿದ ಕೀಲಿಗೆಲ್ಲ ಟೇಪು ಸುತ್ತುವ ವಾಡಿಕೆ ನಮ್ಮಲ್ಲಿ ಬಹಳವಾಗಿದೆ!

ತಣ್ಣೀರು ಬರುವ ಬಾಯಿಯನ್ನು ನೀಲಿ, ಬಿಸಿನೀರು ಹೊರಡುವ ಬಾಯಿಯನ್ನು ಕೆಂಪು ಗುರುತಿನಿಂದ ಸಾಮಾನ್ಯವಾಗಿ ತೋರಿಸಿರುತ್ತಾರೆ. ಬಿಸಿನೀರು ಹಗುರವಾದ್ದರಿಂದ ಪಾತ್ರೆಯ ಮೇಲ್ಭಾಗದಲ್ಲಿ ನಿಲ್ಲುತ್ತದೆ. ಒಳಗಿನ ಉದ್ದ ಕೊಳವೆಯೊಂದು ಅಲ್ಲಿಂದಲೇ ಅದನ್ನು ಎತ್ತಿಕೊಳ್ಳುತ್ತದೆ. ಇವೆರಡನ್ನೂ ಅದಲುಬದಲು ಮಾಡಿದರೆ ಸಿಗುವುದು ಉಗುರುಬೆಚ್ಚಗಿನ ನೀರು. ಬಿಸಿನೀರಿನ ಕಡೆಗೆ ಸಾಮಾನ್ಯ ಪಿ.ವಿ.ಸಿ. ಕೊಳವೆ ತಗದು, ಶಾಖಕ್ಕೆ ಅದು ಮೆತ್ತಗಾಗುತ್ತದೆ, ಸಿ.ಪಿ.ವಿ.ಸಿ. ಬೇಕು.

ಈಗ ಅತ್ಯಂತ ಮುಖ್ಯವಾದ ಅಂಶವನ್ನು ಪರಿಶೀಲಿಸೋಣ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ 3 ಲೀಟರು ನೀರನ್ನು 65 ಡಿಗ್ರಿಗೆ ಕಾಯಿಸಿದರೆ ಅದು ಸುಮಾರು 50 ಮಿಲಿಲೀಟರಿನಷ್ಟು ಹಿಗ್ಗುತ್ತದೆ, ಅಂದರೆ ಶೇಕಡಾ ಒಂದೂಮುಕ್ಕಾಲಿನಷ್ಟು. ಇದು ಅಲ್ಪವೆಂದು ತೋರಬಹುದು. ಆದರೆ ನೀರನ್ನು ಶೇಕಡಾ 1ರಷ್ಟು ಅದುಮಲು 200ಕ್ಕೂ ಹೆಚ್ಚು ವಾಯುಮಂಡಲಗಳ ಒತ್ತಡ ಬೇಕು! ಹಿಮ್ಮುಖ ಹರಿವನ್ನು ತಡೆಯುವ ಕವಾಟವಿದ್ದು, ನಲ್ಲಿಯೂ ಮುಚ್ಚಿದ್ದರೆ, ಹಿಗ್ಗಿದ ನೀರು ಎಲ್ಲಿಗೆ ಹೋಗಬೇಕು? ಇದಕ್ಕಾಗಿಯೇ ತಣ್ಣೀರಿನ ಬಾಯಿಯ ಬಳಿ ಸುರಕ್ಷಾ ಕವಾಟವನ್ನು ಕೂಡಿಸುತ್ತಾರೆ. ಕಾಯುವಾಗ ಅದರಿಂದ ಕೆಲವು ಹನಿ ತೊಟ್ಟಿಕ್ಕುವುದು ದೋಷವಲ್ಲ, ಅದರ ಕರ್ತವ್ಯ. ನೆಲ ಒದ್ದೆಯಾಗುತ್ತದೆಂದು ಆ ರಂಧ್ರಕ್ಕೆ ಬಿರಟೆ ಹೊಡೆಯುವವರುಂಟು. ಥರ್ಮೋಸ್ಟಾಟೂ ಅದೇ ಸಮಯದಲ್ಲಿ ಕೆಟ್ಟರೆ ಒಳಗಿನ ನೀರು 100 ಡಿಗ್ರಿಯನ್ನು ಮೀರಿ, ಒತ್ತಡದಿಂದಾಗಿ ಕುದಿಯದೆಯೇ ಕಾಯುತ್ತ ಹೋಗುತ್ತದೆ. ಪಾತ್ರೆ ಬಿರಿದೊಡನೆ ಅದರಲ್ಲಿ ಒಂದು ಭಾಗ ಕ್ಷಣಮಾತ್ರದಲ್ಲಿ ಆವಿಯಾಗುತ್ತದೆ. ಆವಿಯ ಗಾತ್ರವಾದರೋ ನೀರಿನ ಸುಮಾರು 1600 ಪಟ್ಟು. ಬಾಗಿಲು ಮುಚ್ಚಿದ ಸ್ನಾನಗೃಹದಲ್ಲಿ ಇದರ ಪರಿಣಾಮವನ್ನು ವಿವರಿಸಬೇಕಾಗಿಲ್ಲ. ತಣ್ಣಗಿರುವಾಗಲೂ ಕವಾಟ ಸೋರುತ್ತಿದ್ದರೆ ಅದನ್ನು ಬದಲಾಯಿಸಬೇಕು, ಮುಚ್ಚಬಾರದು.

ವಿದ್ಯುತ್ ಜೋಡಣೆ ಮತ್ತು ಭೂಸಂಪರ್ಕದ ಕೆಲಸವನ್ನು ಪರವಾನಗಿ ಪಡೆದ ಕೆಲಸಗಾರನಿಗೆ ಬಿಡತಕ್ಕದ್ದು. ಕೊಳವೆಗಳು ಕೂಡಿದ ಮೇಲೆ ಬಿಸಿನೀರಿನ ನಲ್ಲಿಯನ್ನು ತೆರೆದಿಟ್ಟು ನೀರು ಬಿಡಬೇಕು. ಮೊದಲು ಗಾಳಿ ಬುಸುಗುಟ್ಟುತ್ತ ಬರುತ್ತದೆ, ಆಮೇಲೆ ಅಖಂಡ ಧಾರೆ. ಅದಕ್ಕೆ ಮುನ್ನ ಸ್ವಿಚ್ಚು ಹಾಕಿದರೆ ನೀರಿಲ್ಲದ ತಾಪಕಸುರುಳಿ ಸುಟ್ಟುಹೋಗುತ್ತದೆ. ಧಾರೆ ನಿಂತುಬರತೊಡಗಿದಾಗ ನಲ್ಲಿಯನ್ನು ಮುಚ್ಚಿ, ಪ್ರತಿ ಕೀಲಿನ ಕೆಳಗೂ ಒಣಗಿದ ಕಾಗದದ ಚೂರೊಂದನ್ನು ಅರ್ಧ ಗಂಟೆ ಇಟ್ಟು ನೋಡಬಹುದು. ಕಣ್ಣಿಗೆ ಕಾಣದ ಸೋರಿಕೆಯೂ ಅದರ ಮೇಲೆ ಮೂಡುತ್ತದೆ.