ಓದಿನ ಸವಿ

‘ದೇಶ ಸುತ್ತಬೇಕು, ಕೋಶ ಓದಬೇಕು’ ಎಂಬುದು ನಮ್ಮ ಹಿರಿಯರ ಮಾತು. ದೇಶವನ್ನು ಸುತ್ತುವುದಕ್ಕೆ ಹಣ ಬೇಕು, ಬಿಡುವು ಬೇಕು, ದೇಹದಲ್ಲಿ ಶಕ್ತಿಯೂ ಬೇಕು. ಕೋಶವನ್ನು ಓದುವುದಕ್ಕೆ ಇವು ಯಾವುವೂ ಅಷ್ಟಾಗಿ ಬೇಕಿಲ್ಲ. ಕುಳಿತಲ್ಲಿಯೇ ಕಾಡನ್ನು ಹೊಗಬಹುದು, ಕಡಲನ್ನು ದಾಟಬಹುದು. ಸಾವಿರ ವರ್ಷಗಳ ಹಿಂದೆ ಬಾಳಿದವರ ಸುಖದುಃಖಗಳಲ್ಲಿ ಪಾಲುಗೊಳ್ಳಬಹುದು. ಇಷ್ಟು ಸುಲಭವಾಗಿ ಒದಗುವ ಸಂತೋಷವನ್ನು ಎಷ್ಟೋ ವಿದ್ಯಾರ್ಥಿಗಳು ಕಾಣದೆಯೇ ಶಾಲೆಯನ್ನು ಮುಗಿಸುತ್ತಾರೆ. ಓದು ಎಂದೊಡನೆ ಅವರ ಕಣ್ಣ ಮುಂದೆ ನಿಲ್ಲುವುವು ಪರೀಕ್ಷೆ, ಅಂಕ ಮತ್ತು ಕಂಠಪಾಠ. ಹೀಗೇಕೆ ಆಗುತ್ತದೆ? ಇದಕ್ಕೆ ಪರಿಹಾರವೇನು? ಇದು ವಿಚಾರ ಮಾಡತಕ್ಕ ವಿಷಯವಾಗಿದೆ.

ಎಳೆಯ ಮಕ್ಕಳನ್ನು ನೋಡಿರಿ. ಅಜ್ಜಿ ಕಥೆ ಹೇಳಲು ತೊಡಗಿದರೆ ಅವರಿಗೆ ಹಸಿವು ನಿದ್ರೆಗಳ ಪರಿವೆಯೇ ಇರುವುದಿಲ್ಲ. ‘ಆಮೇಲೆ ಏನಾಯಿತು?’ ಎಂದು ಮತ್ತೆ ಮತ್ತೆ ಕೇಳುತ್ತಾರೆ. ಕಥೆಯ ಹಸಿವು ಮನುಷ್ಯನಿಗೆ ಹುಟ್ಟಿನೊಡನೆಯೇ ಬಂದುದು. ಹದಿಮೂರು ಹದಿನಾಲ್ಕನೆಯ ವಯಸ್ಸಿನಲ್ಲಿ ಈ ಹಸಿವು ಇಂಗಿಹೋಗುವುದಿಲ್ಲ; ಅದು ಪುಸ್ತಕದ ಕಡೆಗೆ ತಿರುಗದೆ ಬೇರೆ ಕಡೆಗೆ ತಿರುಗುತ್ತದೆ. ಚಲನಚಿತ್ರ, ದೂರದರ್ಶನ, ಕೈಯಲ್ಲಿನ ಮೊಬೈಲ್ ಅದನ್ನು ತಣಿಸುತ್ತವೆ. ಆದ್ದರಿಂದ ಹುಡುಗರಿಗೆ ಆಸಕ್ತಿಯೇ ಇಲ್ಲವೆಂದು ದೂರುವುದು ಸರಿಯಲ್ಲ. ಆಸಕ್ತಿ ಉಂಟು, ಅದಕ್ಕೂ ಪುಸ್ತಕಕ್ಕೂ ನಡುವೆ ಇದ್ದ ಸೇತುವೆ ಮುರಿದಿದೆ.

ಸೇತುವೆ ಮುರಿಯಲು ನಮ್ಮ ಭಾಷೆಯ ಒಂದು ಪದವೂ ತಕ್ಕಮಟ್ಟಿಗೆ ಕಾರಣವೆನ್ನಬಹುದು. ಕನ್ನಡದಲ್ಲಿ ‘ಓದು’ ಎಂಬ ಒಂದೇ ಪದ ಎರಡು ಕೆಲಸಗಳನ್ನು ಮಾಡುತ್ತದೆ. ‘ನಿಮ್ಮ ಮಗ ಏನು ಓದುತ್ತಿದ್ದಾನೆ?’ ಎಂದು ನೆಂಟರು ಕೇಳಿದರೆ, ತಾಯಿ ‘ಒಂಬತ್ತನೆಯ ತರಗತಿ’ ಎಂದು ಉತ್ತರಿಸುತ್ತಾಳೆಯೇ ಹೊರತು ಅವನ ಕೈಯಲ್ಲಿರುವ ಕಾದಂಬರಿಯ ಹೆಸರನ್ನು ಹೇಳುವುದಿಲ್ಲ. ‘ಓದಿಕೊ ಹೋಗು’ ಎಂದರೆ ಪರೀಕ್ಷೆಗೆ ಸಿದ್ಧನಾಗು ಎಂದೇ ಅರ್ಥ. ಕಥೆಯ ಪುಸ್ತಕವನ್ನು ಹಿಡಿದು ಕುಳಿತ ಹುಡುಗಿಯನ್ನು ಕಂಡು ‘ಓದುವುದನ್ನು ಬಿಟ್ಟು ಅದೇನು ಓದುತ್ತಿದ್ದೀಯೆ?’ ಎಂದು ಗದರಿಸುವ ಮನೆಗಳೂ ಉಂಟು. ಈ ಮಾತಿನಲ್ಲಿರುವ ವಿನೋದವನ್ನು ಗಮನಿಸಿರಿ. ಒಂದು ಓದು ಕರ್ತವ್ಯ, ಇನ್ನೊಂದು ಓದು ಅಪರಾಧ! ಕರ್ತವ್ಯದ ಓದು ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ಸಂತೋಷದ ಓದನ್ನು ಅದರ ವೈರಿಯೆಂದು ಭಾವಿಸುವುದು ದೊಡ್ಡ ತಪ್ಪು.

ಏಕೆಂದರೆ, ಓದುವ ಶಕ್ತಿಯು ಬೆಳೆಯುವ ಕ್ರಮವೇ ಬೇರೆ. ಅಕ್ಷರಗಳನ್ನು ಕೂಡಿಸಿಕೊಂಡು ನಿಧಾನವಾಗಿ ಓದುವವನು ವಾಕ್ಯದ ಕೊನೆಯನ್ನು ಮುಟ್ಟುವ ವೇಳೆಗೆ ಅದರ ಮೊದಲನ್ನು ಮರೆತಿರುತ್ತಾನೆ. ಅವನ ಗಮನವೆಲ್ಲ ಪದಗಳನ್ನು ಗುರುತಿಸುವುದರಲ್ಲಿಯೇ ವೆಚ್ಚವಾಗುವುದರಿಂದ ಅರ್ಥವನ್ನು ಗ್ರಹಿಸಲು ಏನೂ ಉಳಿಯುವುದಿಲ್ಲ. ಅರ್ಥವಾಗದ ಕಡೆ ಸಂತೋಷವೆಲ್ಲಿಯದು? ಸಂತೋಷವಿಲ್ಲವಾದ್ದರಿಂದ ಅವನು ಓದುವುದಿಲ್ಲ. ಓದದಿರುವುದರಿಂದ ಓಟ ಬರುವುದಿಲ್ಲ. ಓಟ ಬಾರದಿರುವುದರಿಂದ ಸಂತೋಷವೂ ದೊರೆಯುವುದಿಲ್ಲ. ಇದೊಂದು ಚಕ್ರ. ಈಜು ಬರುವವರೆಗೆ ನೀರಿಗೆ ಇಳಿಯೆನು ಎಂದು ಹಟ ಹಿಡಿದವನ ಪಾಡು ಇದೇ ಬಗೆಯದು. ವಿಜ್ಞಾನದ ಪಾಠವಾಗಲಿ, ಇತಿಹಾಸದ ಪಾಠವಾಗಲಿ, ಗಣಿತದ ಒಂದು ಲೆಕ್ಕದ ವಿವರಣೆಯಾಗಲಿ ಓದಿ ತಿಳಿಯಬೇಕಾದವೇ ಆದ್ದರಿಂದ, ಈ ಚಕ್ರದಲ್ಲಿ ಸಿಕ್ಕಿದವನು ಎಲ್ಲ ವಿಷಯಗಳಲ್ಲಿಯೂ ಹಿಂದೆ ಬೀಳುತ್ತಾನೆ. ಚಕ್ರವನ್ನು ಎಲ್ಲಿಯಾದರೂ ಒಂದು ಕಡೆ ತುಂಡರಿಸಲೇಬೇಕು.

ತುಂಡರಿಸುವ ಒಂದು ಉಪಾಯ ನಮ್ಮ ನಾಡಿಗೆ ಹಳೆಯದು. ಅಚ್ಚಿನ ಪುಸ್ತಕಗಳು ವಿರಳವಾಗಿದ್ದ ಕಾಲದಲ್ಲಿ ಊರಿನ ದೇವಾಲಯದಲ್ಲಿಯೋ, ದೊಡ್ಡ ಮನೆಯ ಜಗಲಿಯ ಮೇಲೆಯೋ ಸಂಜೆಯ ಹೊತ್ತು ಜನರು ಸೇರುತ್ತಿದ್ದರು. ಗಮಕಿಯು ಕುಮಾರವ್ಯಾಸ ಭಾರತವನ್ನೋ ಲಕ್ಷ್ಮೀಶನ ಜೈಮಿನಿ ಭಾರತವನ್ನೋ ರಾಗವಾಗಿ ವಾಚನ ಮಾಡುತ್ತಿದ್ದನು. ವ್ಯಾಖ್ಯಾನಕಾರನು ಅದರ ಅರ್ಥವನ್ನು ಬಿಡಿಸಿ ಹೇಳುತ್ತಿದ್ದನು. ಒಂದಕ್ಷರವನ್ನೂ ಅರಿಯದ ರೈತನು ಕರ್ಣನ ಸಾವಿಗೆ ಕಣ್ಣೀರಿಡುತ್ತಿದ್ದನು; ಉತ್ತರಕುಮಾರನ ಪೌರುಷಕ್ಕೆ ನಗುತ್ತಿದ್ದನು. ಕಿವಿಯಿಂದ ಒಳಹೊಕ್ಕ ಕಾವ್ಯ ಅವನ ಬಾಳಿನ ಭಾಗವೇ ಆಗಿಹೋಗುತ್ತಿತ್ತು. ತರಗತಿಯಲ್ಲಿ ಉಪಾಧ್ಯಾಯರು ಒಂದು ಒಳ್ಳೆಯ ಕಥೆಯನ್ನು ಭಾವವರಿತು ಗಟ್ಟಿಯಾಗಿ ಓದಿದಾಗ ಇದೇ ಕೆಲಸ ನಡೆಯುತ್ತದೆ. ಪದಗಳನ್ನು ಗುರುತಿಸುವ ಶ್ರಮವನ್ನು ಅವರು ವಹಿಸಿಕೊಳ್ಳುತ್ತಾರೆ. ಕೇಳುವವನಿಗೆ ಉಳಿಯುವುದು ಕಥೆಯ ಸುಖ. ಒಮ್ಮೆ ಆ ರುಚಿ ಹತ್ತಿದ ಮೇಲೆ ಮುಂದಿನ ಅಧ್ಯಾಯವನ್ನು ತಾನೇ ಓದುವ ಆಸೆ ಹುಟ್ಟುತ್ತದೆ.

ಫ್ರಾನ್ಸಿನ ಕಾದಂಬರಿಕಾರ ದಾನಿಯೆಲ್ ಪೆನಾಕ್ ಎಂಬುವರು ಪ್ರೌಢಶಾಲೆಗಳಲ್ಲಿ ಅಧ್ಯಾಪಕರಾಗಿದ್ದವರು. 1992ರಲ್ಲಿ ಪ್ರಕಟವಾದ ತಮ್ಮ ಒಂದು ಪುಸ್ತಕದಲ್ಲಿ ಅವರು ಓದೆಂದರೆ ಮುಖ ತಿರುಗಿಸುವ ಹದಿಹರೆಯದವರ ತರಗತಿಯೊಂದನ್ನು ಚಿತ್ರಿಸಿದ್ದಾರೆ. ಅಲ್ಲಿಯ ಅಧ್ಯಾಪಕರು ಯಾವ ಪ್ರಶ್ನೆಯನ್ನೂ ಕೇಳದೆ, ಯಾವ ಟಿಪ್ಪಣಿಯನ್ನೂ ಬರೆಸದೆ ಒಂದು ಕಾದಂಬರಿಯನ್ನು ಗಟ್ಟಿಯಾಗಿ ಓದತೊಡಗುತ್ತಾರೆ. ಕೆಲವು ದಿನಗಳಲ್ಲಿಯೇ ವಿದ್ಯಾರ್ಥಿಗಳು ಮುಂದೇನಾಯಿತೆಂಬ ಕುತೂಹಲವನ್ನು ತಡೆಯಲಾರದೆ ತಾವೇ ಪುಸ್ತಕವನ್ನು ಅರಸುವಂತಾಗುತ್ತದೆ. ಅದೇ ಪುಸ್ತಕದಲ್ಲಿ ಪೆನಾಕ್ ಅವರು ಓದುಗನಿಗೆ ಹತ್ತು ಹಕ್ಕುಗಳನ್ನು ಕೊಟ್ಟಿದ್ದಾರೆ. ಬೇಸರವಾದ ಪುಟಗಳನ್ನು ಬಿಟ್ಟು ಮುಂದೆ ಹೋಗುವುದು, ಹಿಡಿಸದ ಪುಸ್ತಕವನ್ನು ಅರ್ಧಕ್ಕೆ ನಿಲ್ಲಿಸುವುದು, ಮೆಚ್ಚಿದುದನ್ನು ಮತ್ತೆ ಓದುವುದು, ಓದಿದುದರ ವಿಷಯದಲ್ಲಿ ಮೌನವಾಗಿರುವುದು ಇವೆಲ್ಲ ಆ ಹಕ್ಕುಗಳಲ್ಲಿ ಸೇರಿವೆ. ಪಠ್ಯಪುಸ್ತಕಕ್ಕೆ ಈ ಹಕ್ಕುಗಳನ್ನು ಅನ್ವಯಿಸುವಂತಿಲ್ಲ, ನಿಜ. ಆದರೆ ಸ್ವಂತ ಸಂತೋಷಕ್ಕಾಗಿ ಆರಿಸಿಕೊಂಡ ಪುಸ್ತಕದಲ್ಲಿ ಓದುಗನೇ ಒಡೆಯನು.

ಇನ್ನೊಂದು ಉಪಾಯವನ್ನು ಜಪಾನಿನ ಉಪಾಧ್ಯಾಯರು ಕಂಡುಕೊಂಡರು. 1988ರಲ್ಲಿ ಚಿಬಾ ಪ್ರಾಂತದ ಒಂದು ಬಾಲಿಕಾ ಪ್ರೌಢಶಾಲೆಯಲ್ಲಿ ‘ಬೆಳಗಿನ ಓದು’ ಎಂಬ ಪದ್ಧತಿ ಆರಂಭವಾಯಿತು. ಪಾಠಗಳು ಮೊದಲಾಗುವ ಮುನ್ನ ಹತ್ತು ನಿಮಿಷಗಳ ಕಾಲ ತರಗತಿಯಲ್ಲಿ ಎಲ್ಲರೂ ಮೌನವಾಗಿ ಓದುವುದೇ ಆ ಪದ್ಧತಿ. ಅದರ ನಿಯಮಗಳು ನಾಲ್ಕೇ ನಾಲ್ಕು: ಎಲ್ಲರೂ ಓದಬೇಕು, ಪ್ರತಿದಿನವೂ ಓದಬೇಕು, ಇಷ್ಟವಾದ ಪುಸ್ತಕವನ್ನೇ ಓದಬೇಕು, ಓದಿದರೆ ಸಾಕು, ಬೇರೇನೂ ಮಾಡಬೇಕಾಗಿಲ್ಲ. ‘ಎಲ್ಲರೂ’ ಎಂಬುದರಲ್ಲಿ ಉಪಾಧ್ಯಾಯರೂ ಸೇರುತ್ತಾರೆ. ‘ಓದಿದರೆ ಸಾಕು’ ಎಂಬುದರಿಂದ ಸಾರಾಂಶ ಬರೆಯುವ ಭಯ, ಅಂಕ ಕಳೆದುಕೊಳ್ಳುವ ಭಯ ಎರಡೂ ಇಲ್ಲವಾಗುತ್ತವೆ. ಈ ಪದ್ಧತಿ ಆ ದೇಶದ ಸಾವಿರಾರು ಶಾಲೆಗಳಿಗೆ ಹಬ್ಬಿತು.

ಹತ್ತು ನಿಮಿಷಗಳಿಂದ ಏನಾದೀತು ಎಂದು ಕೆಲವರು ಕೇಳಬಹುದು. ಲೆಕ್ಕ ಹಾಕಿ ನೋಡೋಣ. ಹತ್ತು ನಿಮಿಷಗಳಲ್ಲಿ ನಿಧಾನವಾಗಿ ಓದುವವನೂ ನಾಲ್ಕು ಪುಟಗಳನ್ನು ಮುಗಿಸಬಲ್ಲನು. ವರ್ಷದಲ್ಲಿ ಶಾಲೆ ನಡೆಯುವ ದಿನಗಳು ಇನ್ನೂರು ಎಂದಿಟ್ಟುಕೊಂಡರೆ ಒಟ್ಟು ಎಂಟುನೂರು ಪುಟಗಳಾದವು. ಅಂದರೆ ಇನ್ನೂರು ಪುಟಗಳ ನಾಲ್ಕು ಪುಸ್ತಕಗಳು! ಹನಿಹನಿಗೂಡಿದರೆ ಹಳ್ಳ ಎಂಬುದು ಸುಳ್ಳಲ್ಲ.

‘ಹುಡುಗರು ಇಷ್ಟಪಡುವುದು ಪತ್ತೇದಾರಿ ಕಥೆಗಳನ್ನು, ನಗೆಬರಹಗಳನ್ನು; ಅವುಗಳಿಂದ ಜ್ಞಾನ ಬೆಳೆಯುವುದೆ?’ ಎಂಬ ಆಕ್ಷೇಪಣೆಯೂ ಉಂಟು. ಊಟದಲ್ಲಿ ರುಚಿ ಬೆಳೆಯುವಂತೆ ಓದಿನಲ್ಲಿಯೂ ರುಚಿ ಬೆಳೆಯುತ್ತದೆ. ಮೊದಲು ಸಿಹಿಯನ್ನೇ ಬಯಸುವ ಮಗು ಕ್ರಮೇಣ ಹಾಗಲಕಾಯಿಯ ಸವಿಯನ್ನೂ ಅರಿಯುತ್ತದೆ. ಆದರೆ ಸಿಹಿಯಲ್ಲಿಯೇ ನಿಂತುಬಿಡಬಾರದು ಎಂಬುದನ್ನೂ ನೆನಪಿಡಬೇಕು. ಬೆಟ್ಟವನ್ನು ಹತ್ತುವಾಗ ಮೊದಲ ಮೆಟ್ಟಿಲುಗಳು ಏದುಸಿರು ತರಿಸುತ್ತವೆ. ಮೇಲೇರಿದ ಮೇಲೆ ಕಾಣುವ ನೋಟವು ಬಯಲಿನಲ್ಲಿ ನಿಂತವನಿಗೆ ದೊರೆಯುವುದಿಲ್ಲ. ದೊಡ್ಡ ಪುಸ್ತಕಗಳ ಮೊದಲ ಪುಟಗಳೂ ಹಾಗೆಯೇ.

ಹದಿಹರೆಯದವರ ಕೈಗೆ ಕೊಡಬಹುದಾದ ಪುಸ್ತಕಗಳಿಗೆ ಕನ್ನಡದಲ್ಲಿ ಬರಗಾಲವಿಲ್ಲ. ಶಿವರಾಮ ಕಾರಂತರ ‘ಚೋಮನ ದುಡಿ’ 1933ರಲ್ಲಿ ಹೊರಬಂದ ಚಿಕ್ಕ ಕಾದಂಬರಿ. ಸ್ವಂತ ಭೂಮಿಯನ್ನು ಉಳಬೇಕೆಂಬ ಆಸೆ ಕೈಗೂಡದ ದಲಿತನೊಬ್ಬನ ದುರಂತವನ್ನು ಅದು ಹೇಳುತ್ತದೆ. ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಸಸ್ಯಶಾಸ್ತ್ರದ ಅಧ್ಯಾಪಕನೊಬ್ಬನು ವಿದ್ಯಾರ್ಥಿಗಳೊಡನೆ ಕಾಡುಮೇಡುಗಳನ್ನು ಅಲೆದ ಕಥೆ. ಶಾಸ್ತ್ರವನ್ನು ನಗುನಗುತ್ತ ಕಲಿಸಬಹುದೆಂಬುದಕ್ಕೆ ಅದೇ ಸಾಕ್ಷಿ. ಅದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ 1980ರಲ್ಲಿ ಪ್ರಕಟವಾಯಿತು. ಹಾರುವ ಓತಿಯನ್ನು ಹುಡುಕಿಕೊಂಡು ಪಶ್ಚಿಮ ಘಟ್ಟದ ಕಾಡನ್ನು ಹೊಕ್ಕವರೊಡನೆ ಓದುಗನೂ ಹೊರಟುಬಿಡುತ್ತಾನೆ. ಪುಸ್ತಕವನ್ನು ಆರಿಸುವಾಗ ಮೊದಲ ಎರಡು ಪುಟಗಳನ್ನು ಓದಿ ನೋಡಬೇಕು. ಪುಟಪುಟದಲ್ಲಿಯೂ ತಿಳಿಯದ ಪದಗಳು ತುಂಬಿದ್ದರೆ ಅದನ್ನು ಮುಂದಿನ ವರ್ಷಕ್ಕೆ ಇರಿಸಿ, ಇನ್ನೊಂದನ್ನು ಎತ್ತಿಕೊಂಡರೆ ತಪ್ಪೇನೂ ಇಲ್ಲ.

ಈ ಸಂಪತ್ತು ತಾನಾಗಿಯೇ ನಮ್ಮ ಕೈಸೇರಿದುದಲ್ಲ. ‘ಗಳಗನಾಥ’ರೆಂದು ಹೆಸರಾದ ವೆಂಕಟೇಶ ತಿರಕೊ ಕುಲಕರ್ಣಿಯವರು (1869–1942) ಶಾಲಾಮಾಸ್ತರರಾಗಿದ್ದು ಕನ್ನಡದಲ್ಲಿ ಅನೇಕ ಕಾದಂಬರಿಗಳನ್ನು ರಚಿಸಿದರು. ಕನ್ನಡಿಗರಲ್ಲಿ ಓದುವ ಹವ್ಯಾಸವೇ ಕ್ಷೀಣವಾಗಿದ್ದ ಕಾಲವದು. ಅವರು ತಮ್ಮ ಪುಸ್ತಕಗಳ ಹೊರೆಯನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಪಂಜೆ ಮಂಗೇಶರಾಯರು (1874–1937) ಉಪಾಧ್ಯಾಯರಾಗಿ, ಶಾಲಾ ತನಿಖಾಧಿಕಾರಿಗಳಾಗಿ ದುಡಿಯುತ್ತಲೇ ಮಕ್ಕಳಿಗೆಂದು ಕಥೆ ಕವಿತೆಗಳನ್ನು ಬರೆದರು. ಓದುಗರು ತಾವಾಗಿ ಬರುವರೆಂದು ಇವರು ಕಾಯಲಿಲ್ಲ. ಓದುಗರಿದ್ದಲ್ಲಿಗೆ ತಾವೇ ಹೋದರು.

ಗ್ರಂಥಾಲಯ ವಿಜ್ಞಾನದ ಆಚಾರ್ಯರಾದ ಎಸ್. ಆರ್. ರಂಗನಾಥನ್ ಅವರ ಬೋಧನೆಯ ತಿರುಳೂ ಇದೇ. 1931ರಲ್ಲಿ ಅವರು ಪ್ರಕಟಿಸಿದ ಐದು ಸೂತ್ರಗಳಲ್ಲಿ ಮೊದಲನೆಯದು, ಪುಸ್ತಕಗಳಿರುವುದು ಬಳಕೆಗಾಗಿ ಎಂಬುದು. ಎರಡನೆಯ ಮತ್ತು ಮೂರನೆಯ ಸೂತ್ರಗಳು ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕವೊಂದುಂಟು, ಪ್ರತಿಯೊಂದು ಪುಸ್ತಕಕ್ಕೂ ಅದರ ಓದುಗನೊಬ್ಬನುಂಟು ಎಂದು ಸಾರುತ್ತವೆ. ಒಂದಾನೊಂದು ಕಾಲದಲ್ಲಿ ಯೂರೋಪಿನ ಮಠಗಳಲ್ಲಿ ಗ್ರಂಥಗಳನ್ನು ಸರಪಳಿಯಿಂದ ಬಿಗಿದಿಡುತ್ತಿದ್ದರು. ಇಂದು ಸರಪಳಿಯಿಲ್ಲ; ಆದರೆ ಕಳೆದುಹೋದೀತೆಂಬ ಭಯದಿಂದ ಬೀರುವಿಗೆ ಬೀಗ ಹಾಕಿದರೆ ಅದೂ ಸರಪಳಿಯೇ ಅಲ್ಲವೆ? ಹುಡುಗರ ಕೈಯಲ್ಲಿ ಸವೆದು ಹರಿದ ಪುಸ್ತಕವು ತನ್ನ ಕೆಲಸವನ್ನು ಮಾಡಿ ಮುಗಿಸಿದೆ. ಬೀರುವಿನಲ್ಲಿ ಗೆದ್ದಲು ತಿಂದ ಪುಸ್ತಕವು ಹುಟ್ಟಿಯೂ ವ್ಯರ್ಥವಾಗಿದೆ.

ಇದೆಲ್ಲವನ್ನೂ ತರಗತಿಯಲ್ಲಿಯೇ ಮಾಡಬೇಕೇಕೆ? ಮನೆಯಲ್ಲಿ ಓದಿಕೊಳ್ಳಬಾರದೆ? ಈ ಪ್ರಶ್ನೆಗೆ ಉತ್ತರ ಹುಡುಕುವಾಗ ಎಲ್ಲ ಮನೆಗಳನ್ನೂ ನೆನೆಯಬೇಕು. ಗೋಡೆಯ ತುಂಬ ಪುಸ್ತಕಗಳಿರುವ ಮನೆಗಳು ಕೆಲವು. ಪಂಚಾಂಗವನ್ನೂ ಶಾಲೆಯ ಪುಸ್ತಕಗಳನ್ನೂ ಬಿಟ್ಟರೆ ಮುದ್ರಿತ ಕಾಗದವೇ ಇಲ್ಲದ ಮನೆಗಳು ಹಲವು. ಸಂಜೆ ದನ ಕಟ್ಟುವ, ನೀರು ತರುವ, ತಮ್ಮಂದಿರನ್ನು ಆಡಿಸುವ ಹೊಣೆ ಹೊತ್ತ ಹುಡುಗಿಗೆ ಮನೆಯಲ್ಲಿ ನಿಶ್ಶಬ್ದವಾದ ಒಂದು ಮೂಲೆ ಸಿಗುವುದು ದುರ್ಲಭ. ಅವಳಿಗೆ ಓದಿನ ಬಾಗಿಲು ತೆರೆಯುವುದಾದರೆ ತರಗತಿಯಲ್ಲಿ ಮಾತ್ರ. ಆ ಬಾಗಿಲೂ ಮುಚ್ಚಿದರೆ ಓದು ಉಳ್ಳವರ ಸೊತ್ತಾಗಿ ಉಳಿಯುತ್ತದೆ.

ತರಗತಿಯಿಂದ ಹೊರಗೆ ಗ್ರಂಥಾಲಯವು ಕಾದಿದೆ. 1965ರಲ್ಲಿ ನಮ್ಮ ರಾಜ್ಯದಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ ರಚನೆಯಾಗಿ, ಊರೂರಿಗೆ ಗ್ರಂಥಾಲಯ ತಲುಪುವ ದಾರಿ ತೆರೆಯಿತು. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಎಂಬ ಕಾರ್ಯಕ್ರಮದ ಮೂಲಕ ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಮಕ್ಕಳನ್ನು ಶುಲ್ಕವಿಲ್ಲದೆ ಸದಸ್ಯರನ್ನಾಗಿ ಮಾಡಿಕೊಳ್ಳತೊಡಗಿದವು. ಹೆಸರು ನೋಂದಾಯಿಸಿದರೆ ಸಾಲದು. ಒಳಗೆ ಹೋಗಿ ಪುಸ್ತಕವನ್ನು ಕೈಗೆತ್ತಿಕೊಳ್ಳಬೇಕು. ಮೆಚ್ಚಿದ ಪುಸ್ತಕವನ್ನು ಗೆಳೆಯನಿಗೆ ಹೇಳಬೇಕು. ಉಪಾಧ್ಯಾಯರ ಹತ್ತು ಮಾತುಗಳಿಗಿಂತ ‘ಇದನ್ನು ಓದು, ಚೆನ್ನಾಗಿದೆ’ ಎಂಬ ಗೆಳೆಯನ ಒಂದು ಮಾತು ಹೆಚ್ಚು ನಾಟುತ್ತದೆ.

ಹಣ್ಣಿನ ರುಚಿಯನ್ನು ವರ್ಣಿಸಿ ತಿಳಿಸಲಾಗುವುದಿಲ್ಲ, ತಿಂದೇ ತಿಳಿಯಬೇಕು. ಓದಿನ ಸವಿಯೂ ಅಂತಹುದು. ಅದನ್ನು ಬಲವಂತದಿಂದ ಉಣಿಸಲು ಬಾರದು. ಎಲೆ ಹಾಕಿ, ಬಡಿಸಿ, ಪಂಕ್ತಿಯಲ್ಲಿ ತಾವೂ ಕುಳಿತು ಉಣ್ಣುವುದಷ್ಟೇ ಹಿರಿಯರ ಕೆಲಸ. ತುತ್ತನ್ನು ಎತ್ತಿ ಬಾಯಿಗಿಡುವ ಕೆಲಸ ವಿದ್ಯಾರ್ಥಿಯದು.

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ:
1. ‘ಬೆಳಗಿನ ಓದು’ ಎಂಬ ಪದ್ಧತಿ ಯಾವ ದೇಶದಲ್ಲಿ ಆರಂಭವಾಯಿತು?
2. ರಂಗನಾಥನ್ ಅವರ ಮೊದಲನೆಯ ಸೂತ್ರವೇನು?
3. ಗಳಗನಾಥರು ತಮ್ಮ ಪುಸ್ತಕಗಳನ್ನು ಹೇಗೆ ಮಾರಿದರು?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ:
1. ‘ಓದು’ ಎಂಬ ಪದದ ಎರಡು ಅರ್ಥಗಳನ್ನು ಲೇಖಕರು ಹೇಗೆ ವಿವರಿಸಿದ್ದಾರೆ?
2. ಓದುವ ಶಕ್ತಿಗೂ ಓದಿನ ಸಂತೋಷಕ್ಕೂ ಇರುವ ಸಂಬಂಧವನ್ನು ಚಕ್ರವೆಂದು ಕರೆದುದೇಕೆ?
3. ಸಂತೋಷದ ಓದಿಗೆ ತರಗತಿಯೇ ತಕ್ಕ ಸ್ಥಳವೆನ್ನಲು ಕಾರಣವೇನು?

ಇ) ಸಂದರ್ಭವನ್ನು ವಿವರಿಸಿರಿ:
1. ‘ಅದೂ ಸರಪಳಿಯೇ ಅಲ್ಲವೆ?’
2. ‘ಒಂದು ಓದು ಕರ್ತವ್ಯ, ಇನ್ನೊಂದು ಓದು ಅಪರಾಧ!’

ಈ) ನೀವು ಮೆಚ್ಚಿದ ಒಂದು ಪುಸ್ತಕವನ್ನು ಕುರಿತು ತರಗತಿಯಲ್ಲಿ ಎರಡು ನಿಮಿಷ ಮಾತನಾಡಿರಿ.