ಎಷ್ಟು ಉಳಿಸುತ್ತೀರಿ, ಡಾಕ್ಟರೇ?

ಕಣ್ಣು ಒಣಗಿದೆ ಎಂದರೆ ಪಕ್ಕದ ಮನೆಯಾಕೆ ನಂಬಲಿಲ್ಲ. "ಒಣಗಿದ್ರೆ ಇಷ್ಟು ನೀರು ಯಾಕೆ ಸುರಿಯುತ್ತೆ ಮೇಡಂ?" ಎಂದು ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡರು. ವಯಸ್ಸು ಐವತ್ತೆರಡು. ಬಿಟಿಎಂ ಎರಡನೇ ಹಂತದಿಂದ ಸಿಲ್ಕ್ ಬೋರ್ಡ್ ದಾಟಿ ದಿನಾ ಸ್ಕೂಟರಿನಲ್ಲಿ ಆಫೀಸಿಗೆ ಹೋಗುವವರು. ನಮ್ಮ ಮನೆಗೆ ಬಂದದ್ದು ಒಣಕಣ್ಣಿನ ಮಾತಿಗಲ್ಲ. ಮೇಲಿನ ರೆಪ್ಪೆಯ ಚರ್ಮ ಜೋತುಬಿದ್ದಿದೆ, ಮಗಳ ಮದುವೆ ಫೋಟೊದಲ್ಲೆಲ್ಲ ನಿದ್ದೆಗಣ್ಣಿನವಳ ಹಾಗೆ ಕಾಣುತ್ತೇನೆ, ತೆಗೆಸಿಬಿಡಲೇ ಎಂದು ಕೇಳುವುದಕ್ಕೆ. ಮೂವತ್ತು ವರ್ಷ ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಹೇಳಿದವಳೆಂದು ಇಂಥ ಪ್ರಶ್ನೆಗಳು ನನ್ನ ಬಾಗಿಲಿಗೆ ಬರುತ್ತವೆ. ನಾನು ವೈದ್ಯೆಯಲ್ಲ. ಆದರೆ ವೈದ್ಯರ ಎದುರು ಕೂರುವ ಮೊದಲು ಏನು ತಿಳಿದಿರಬೇಕು ಎಂಬುದನ್ನು ಹೇಳಬಲ್ಲೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ನಿಧಾನವಾಗಿ ಹೇಳುತ್ತೇನೆ.

ಕಣ್ಣೀರೆಂದರೆ ಬರೀ ನೀರಲ್ಲ. ಕಣ್ಣಿನ ಮೇಲೆ ಸದಾ ಹರಡಿರುವ ತೆಳುಪೊರೆಯಲ್ಲಿ ಮೂರು ಪದಾರ್ಥಗಳಿವೆ. ಗುಡ್ಡೆಗೆ ಅಂಟಿಕೊಳ್ಳುವ ಲೋಳೆ, ಅದರ ಮೇಲೆ ನೀರು, ಎಲ್ಲಕ್ಕೂ ಮೇಲೆ ಎಣ್ಣೆ. ಬಿಸಿ ಸಾರಿನ ಮೇಲೆ ತುಪ್ಪ ತೇಲುತ್ತದಲ್ಲ, ಹಾಗೆ ಎಣ್ಣೆ ಮೇಲೆ ನಿಂತು ಕೆಳಗಿನ ನೀರು ಆರಿಹೋಗದಂತೆ ತಡೆಯುತ್ತದೆ. ಈ ಎಣ್ಣೆ ಬರುವುದು ರೆಪ್ಪೆಯ ಅಂಚಿನಲ್ಲಿರುವ ಸಣ್ಣ ಗ್ರಂಥಿಗಳಿಂದ. 1666ರಲ್ಲಿ ಅವನ್ನು ವಿವರಿಸಿದ ಜರ್ಮನ್ ವೈದ್ಯ ಹೈನ್ರಿಖ್ ಮೈಬೋಮ್ ಹೆಸರಿನಲ್ಲಿ ಅವಕ್ಕೆ ಮೈಬೋಮಿಯನ್ ಗ್ರಂಥಿ ಎನ್ನುತ್ತಾರೆ. ಎಣ್ಣೆ ಕಡಿಮೆಯಾದರೆ, ಇಲ್ಲವೆ ಗಟ್ಟಿಯಾಗಿ ಕಟ್ಟಿಕೊಂಡರೆ, ಪೊರೆ ಕೆಲವೇ ಸೆಕೆಂಡುಗಳಲ್ಲಿ ಹರಿಯುತ್ತದೆ. ಬಯಲಾದ ಜಾಗ ಉರಿಯುತ್ತದೆ. ಉರಿಗೆ ಬೆದರಿದ ಕಣ್ಣು, ಈರುಳ್ಳಿ ಹೆಚ್ಚುವಾಗ ಬರುವಂಥ ನೀರನ್ನು ಒಮ್ಮೆಲೇ ಸುರಿಸುತ್ತದೆ. ಆ ನೀರು ಗುಡ್ಡೆಯ ಮೇಲೆ ನಿಲ್ಲದೆ ಕೆನ್ನೆಗಿಳಿಯುತ್ತದೆ. ಪಕ್ಕದ ಮನೆಯಾಕೆಗೆ ಆಗುತ್ತಿದ್ದುದು ಇದೇ.

ಈ ಪೊರೆಯನ್ನು ಬಳಿಯುವುದೂ ರೆಪ್ಪೆಯೇ. ಸುಮ್ಮನೆ ಕೂತಿರುವಾಗ ನಾವು ನಿಮಿಷಕ್ಕೆ 15-20 ಸಲ ರೆಪ್ಪೆ ಬಡಿಯುತ್ತೇವೆ. ಒಂದೊಂದು ಬಡಿತಕ್ಕೂ ಎಣ್ಣೆ ಒಸರುತ್ತದೆ, ಪೊರೆ ಹೊಸದಾಗುತ್ತದೆ, ಹಳೆಯ ನೀರು ಮೂಗಿನ ಕಡೆಯ ಸಣ್ಣ ತೂತಿಗೆ ಹೋಗುತ್ತದೆ. ಕಂಪ್ಯೂಟರ್ ಮುಂದೆ ಎವೆಯಿಕ್ಕದೆ ಕೂತಾಗ ಈ ಲೆಕ್ಕ ಅರ್ಧಕ್ಕೂ ಕೆಳಗಿಳಿಯುತ್ತದೆ. ಜೊತೆಗೆ ಇಡೀ ದಿನದ ಎ.ಸಿ. ಗಾಳಿ, ಸಂಜೆ ಹೊರವರ್ತುಲ ರಸ್ತೆಯ ಹೊಗೆ. 2025ರ ಆಗಸ್ಟಿನಲ್ಲಿ ಹಳದಿ ಮೆಟ್ರೊ ಓಡಲು ಶುರುವಾಗುವ ತನಕ ವರ್ಷಗಟ್ಟಲೆ ಈ ಬಡಾವಣೆ ಕುಡಿದ ಕಾಮಗಾರಿಯ ದೂಳನ್ನು ಇಲ್ಲಿಯವರಿಗೆ ನಾನು ನೆನಪಿಸಬೇಕಿಲ್ಲ.

ಇನ್ನು ಶಸ್ತ್ರಚಿಕಿತ್ಸೆ. ಇದಕ್ಕೆ ಬ್ಲೆಫರೊಪ್ಲಾಸ್ಟಿ ಎನ್ನುತ್ತಾರೆ. ಮೇಲಿನ ರೆಪ್ಪೆಯಲ್ಲಿ ಹೆಚ್ಚಾದ ಚರ್ಮವನ್ನು, ಕೆಲವೊಮ್ಮೆ ಅದರಡಿಯ ಸ್ನಾಯುವಿನ ಒಂದು ಪಟ್ಟಿಯನ್ನೂ ತೆಗೆದು ಹೊಲಿಯುತ್ತಾರೆ. ಆ ಸ್ನಾಯುವೇ ಕಣ್ಣು ಮುಚ್ಚಿಸುವ ಸ್ನಾಯು. ಅದು ಹೆಚ್ಚು ಹೋದರೆ ಬಡಿತ ಸಡಿಲವಾಗುತ್ತದೆ, ಚರ್ಮ ಹೆಚ್ಚು ಹೋದರೆ ರೆಪ್ಪೆ ಪೂರ್ತಿ ಕೂಡುವುದಿಲ್ಲ. ಕೆಳರೆಪ್ಪೆಯ ಚೀಲ ತೆಗೆಸುವುದು ಇನ್ನೂ ನಾಜೂಕಿನ ಕೆಲಸ. ವಯಸ್ಸಾದಂತೆ ಸಡಿಲವಾದ ಕೆಳರೆಪ್ಪೆ ಸ್ವಲ್ಪ ಕೆಳಗಿಳಿದರೂ ಸಾಕು, ಬಿಳಿಗುಡ್ಡೆ ಬಯಲಾಗಿ ಗಾಳಿಗೆ ಒಣಗುತ್ತದೆ.

ಆರೋಗ್ಯವಾದ ಕಣ್ಣು ಮೊದಲ ಕೆಲವು ವಾರ ಇದನ್ನು ತಾಳಿಕೊಳ್ಳುತ್ತದೆ. ಒಣಕಣ್ಣಿಗೆ ಆ ಶಕ್ತಿ ಕಡಿಮೆ. ಅಮೆರಿಕದಲ್ಲಿ ಒಬ್ಬರೇ ಶಸ್ತ್ರವೈದ್ಯರು 10 ವರ್ಷಗಳಲ್ಲಿ ಮಾಡಿದ 892 ರೆಪ್ಪೆ ಶಸ್ತ್ರಚಿಕಿತ್ಸೆಗಳ ವಿಮರ್ಶೆ 2013ರಲ್ಲಿ ಪ್ರಕಟವಾಯಿತು. ಅವರಲ್ಲಿ ನೂರಕ್ಕೆ 26ಕ್ಕಿಂತ ಹೆಚ್ಚು ಮಂದಿಗೆ ಆಮೇಲೆ ಕಣ್ಣು ಒಣಗುವ ತೊಂದರೆ ಕಾಣಿಸಿತ್ತು. ಮೇಲಿನದನ್ನೂ ಕೆಳಗಿನದನ್ನೂ ಒಟ್ಟಿಗೆ ಮಾಡಿಸಿಕೊಂಡವರಲ್ಲಿ ಇನ್ನೂ ಹೆಚ್ಚು. ಹಲವರಿಗೆ ಇದು ತಾತ್ಕಾಲಿಕ, ಕೆಲವರಿಗೆ ಉಳಿದುಬಿಡುತ್ತದೆ. ಹಾಗೆಂದು ಒಣಕಣ್ಣಿನವರು ಮಾಡಿಸಲೇಬಾರದು ಎಂದೇನೂ ಇಲ್ಲ. ಮೊದಲು ಕಣ್ಣನ್ನು ಹದಕ್ಕೆ ತಂದು, ಆಮೇಲೆ ಕೈ ಬಿಗಿಹಿಡಿದು ಕತ್ತರಿಸುವ ಶಸ್ತ್ರವೈದ್ಯರು ಬೇಕು.

ಕತ್ತರಿಸುವವರು ಉಳಿಸುವುದರ ಲೆಕ್ಕ ಇಟ್ಟಿರಬೇಕು ಎಂಬುದು ಇಂದಿನ ಮಾತಲ್ಲ. ಎವೆಗೂದಲು ಒಳಕ್ಕೆ ತಿರುಗಿ ಕಣ್ಣು ಚುಚ್ಚುವ ಪಕ್ಷ್ಮಕೋಪ ಎಂಬ ಕಾಯಿಲೆಗೆ ಸುಶ್ರುತ ಸಂಹಿತೆ ಶಸ್ತ್ರಚಿಕಿತ್ಸೆ ಹೇಳುತ್ತದೆ. ಹುಬ್ಬಿನ ಕೆಳಗೆ ಎರಡು ಪಾಲು, ಎವೆಯಂಚಿನ ಮೇಲೆ ಒಂದು ಪಾಲು ಬಿಟ್ಟು, ನಡುವೆ ಜವೆಗೋಧಿ ಕಾಳಿನ ಆಕಾರದಲ್ಲಿ ಚರ್ಮ ತೆಗೆದು ಕೂದಲಿನಿಂದ ಹೊಲಿಯಬೇಕು ಎಂದು. ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಎಷ್ಟು ತೆಗೆಯಬೇಕು ಎನ್ನುವ ಮೊದಲು ಎಷ್ಟು ಬಿಡಬೇಕು ಎಂದು ಅಳೆದವರು ಅವರು. ಇಂದಿನ ಶಸ್ತ್ರವೈದ್ಯರೂ ಹುಬ್ಬಿನ ಕೆಳಅಂಚಿನಿಂದ ಎವೆಯಂಚಿನವರೆಗೆ ಸುಮಾರು 20 ಮಿ.ಮೀ. ಚರ್ಮ ಉಳಿಯುವಂತೆ ಗೆರೆ ಎಳೆದುಕೊಳ್ಳುತ್ತಾರೆ. ಆದ್ದರಿಂದ ಡಾಕ್ಟರನ್ನು "ಎಷ್ಟು ತೆಗೀತೀರಿ?" ಎಂದಲ್ಲ, "ಎಷ್ಟು ಉಳಿಸ್ತೀರಿ?" ಎಂದು ಕೇಳಿ. ಸ್ನಾಯುವನ್ನು ಮುಟ್ಟುತ್ತೀರಾ ಎಂದೂ ಕೇಳಿ. ಉತ್ತರ ಕೊಡುವಾಗಿನ ತಾಳ್ಮೆಯಲ್ಲೇ ಅವರು ಎಂಥವರೆಂದು ಗೊತ್ತಾಗುತ್ತದೆ.

ಯಾರ ಹತ್ತಿರ ಹೋಗಬೇಕು? 16ನೇ ಮೇನ್‌ನಲ್ಲಿ ನಡೆದರೆ ಚರ್ಮ, ಕೂದಲಿನ ಕ್ಲಿನಿಕ್ಕುಗಳ ಬೋರ್ಡು ಬೇಕಾದಷ್ಟು ಸಿಗುತ್ತವೆ. ಆದರೆ ಮೊದಲ ಭೇಟಿ ಕಣ್ಣಿನ ಡಾಕ್ಟರದ್ದೇ ಆಗಲಿ. ಅವರಲ್ಲೂ ರೆಪ್ಪೆಯ ಕೆಲಸವನ್ನೇ ಕಲಿತ ಆಕ್ಯುಲೋಪ್ಲಾಸ್ಟಿ ತಜ್ಞರಿದ್ದಾರೆ. ಕೆ.ಆರ್. ಮಾರುಕಟ್ಟೆ ಹತ್ತಿರ, 1896ರಿಂದ ನಡೆದುಬಂದಿರುವ ಸರ್ಕಾರಿ ಮಿಂಟೋ ಕಣ್ಣಾಸ್ಪತ್ರೆಯೂ ಇದೆ. ಖಾಸಗಿ ಕ್ಲಿನಿಕ್ಕಾದರೆ 2007ರ ಕೆಪಿಎಂಇ ಕಾಯ್ದೆಯಡಿ ನೋಂದಣಿ ಆಗಿದೆಯೇ ನೋಡಿ. ಅಂದಕ್ಕಾಗಿ ಮಾಡಿಸುವ ಶಸ್ತ್ರಚಿಕಿತ್ಸೆಗೆ ಆರೋಗ್ಯ ವಿಮೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ, ಅದೂ ನೆನಪಿರಲಿ.

ಕಣ್ಣಿನ ಡಾಕ್ಟರು ಮಾಡುವ ಪರೀಕ್ಷೆಗಳು ಸರಳ. ಷಿರ್ಮರ್ ಪರೀಕ್ಷೆಯಲ್ಲಿ ಕೆಳರೆಪ್ಪೆಗೆ ಕಾಗದದ ಪಟ್ಟಿ ಸಿಕ್ಕಿಸಿ ಐದು ನಿಮಿಷ ಬಿಡುತ್ತಾರೆ. 10 ಮಿ.ಮೀ. ಅಥವಾ ಹೆಚ್ಚು ಒದ್ದೆಯಾದರೆ ಸಮಾಧಾನ, 5ಕ್ಕಿಂತ ಕಡಿಮೆಯಾದರೆ ಕಣ್ಣು ತೀರ ಒಣಗಿದೆ. ಹಳದಿ ಬಣ್ಣ ಹಾಕಿ ಪೊರೆ ಎಷ್ಟು ಹೊತ್ತಿಗೆ ಹರಿಯುತ್ತದೆ ಎಂದು ನೋಡುತ್ತಾರೆ, 10 ಸೆಕೆಂಡಾದರೂ ನಿಲ್ಲಬೇಕು. ಕಣ್ಣು ಮುಚ್ಚಿದಾಗ ಗುಡ್ಡೆ ಮೇಲಕ್ಕೆ ತಿರುಗುತ್ತದೆಯೇ ಎಂಬುದನ್ನೂ ನೋಡಬೇಕು. ರೆಪ್ಪೆ ಸಂದಿಯಾದರೂ ಕಪ್ಪುಗುಡ್ಡೆಯನ್ನು ಕಾಯುವ ತಿರುಗು ಅದು. ಥೈರಾಯ್ಡ್ ಇದ್ದರೆ, ಬಾಯಿಯೂ ಒಣಗುತ್ತಿದ್ದರೆ, ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ನುಂಗುತ್ತಿದ್ದರೆ ಮುಚ್ಚಿಡದೆ ಹೇಳಿ. ಲೇಸಿಕ್ ಮಾಡಿಸಿಕೊಂಡವರಿಗೆ ಕನಿಷ್ಠ ಆರು ತಿಂಗಳು ಕಾಯಲು ಹೇಳುತ್ತಾರೆ.

ಶಸ್ತ್ರಚಿಕಿತ್ಸೆಗೆ ಮೊದಲು ಕಣ್ಣನ್ನು ಹದಕ್ಕೆ ತರುವ ಕೆಲಸ ಬೇಸರದ್ದು, ಆದರೆ ಅದೇ ಮುಖ್ಯ. ಪ್ರಿಸರ್ವೇಟಿವ್ ಇಲ್ಲದ ಕೃತಕ ಕಣ್ಣೀರು, ದಿನಾ ಹತ್ತು ನಿಮಿಷ ಬಿಸಿಬಟ್ಟೆಯ ಶಾಖ, ಬಳಿಕ ಎವೆಯ ಕಡೆಗೆ ಮೆಲ್ಲಗೆ ನೀವುವುದು. ಕಣ್ಣುಕಪ್ಪನ್ನು ರೆಪ್ಪೆಯ ಒಳಅಂಚಿಗೆ ಎಳೆಯಬೇಡಿ, ಎಣ್ಣೆ ಗ್ರಂಥಿಗಳ ಬಾಯಿ ಇರುವುದು ಅಲ್ಲೇ. ಹರಳೆಣ್ಣೆ, ಜೇನು ಕಣ್ಣಿಗೆ ಬಿಡಬೇಡಿ. ಮೆಡಿಕಲ್ ಶಾಪಿನವರು ಕೆಂಪಿಗೆಂದು ಕೊಡುವ ಹನಿಯಲ್ಲಿ ಸ್ಟೀರಾಯ್ಡ್ ಇದ್ದರೆ, ಅದನ್ನು ತಿಂಗಳುಗಟ್ಟಲೆ ಹಾಕಿದವರಿಗೆ ಗ್ಲಾಕೋಮ ಬರಬಹುದು.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆಯನ್ನೂ ಪಕ್ಕದ ಮನೆಯಾಕೆಗೆ ಹೇಳಿಕೊಟ್ಟೆ. ನೀವು ಗಾಢ ನಿದ್ದೆಯಲ್ಲಿರುವಾಗ ರೆಪ್ಪೆ ಪೂರ್ತಿ ಮುಚ್ಚಿದೆಯೇ ಎಂದು ಯಜಮಾನರು ಮಂದ ಬೆಳಕಿನಲ್ಲಿ ನೋಡಲಿ ಎಂದೆ. ಮೂರು ರಾತ್ರಿ ನೋಡಿದರಂತೆ. ಎಡಗಣ್ಣಿನಲ್ಲಿ ಎವೆಗಳ ನಡುವೆ ತೆಳ್ಳಗೆ ಒಂದು ಬಿಳಿಗೆರೆ. ಫ್ಯಾನು ನೇರ ಮುಖದ ಮೇಲೆ. ಮಂಚವನ್ನು ಪಕ್ಕದ ಗೋಡೆಗೆ ಸರಿಸಿದ್ದಾರೆ, ಡಾಕ್ಟರಿಗೆ ತೋರಿಸಲು ಫೋಟೊ ತೆಗೆದಿಟ್ಟಿದ್ದಾರೆ.