ಪದದ ಆಯ್ಕೆ ಮತ್ತು ಮತಾಧಿಕಾರ: ಟಿಂಡೇಲ್–ಮೋರ್ ವಾಗ್ವಾದ

ದೇಶಭಾಷೆಯ ಬೈಬಲನ್ನು ಪ್ರೊಟೆಸ್ಟೆಂಟರು ಎತ್ತಿಹಿಡಿದರು, ಕಥೋಲಿಕರು ವಿರೋಧಿಸಿದರು ಎಂದು ಭಾಷಾಂತರ ಚರಿತ್ರೆಯನ್ನು ಸರಳೀಕರಿಸುವುದುಂಟು. ಇಂಗ್ಲೆಂಡಿನ ನಿದರ್ಶನ ಇದಕ್ಕಿಂತ ಜಟಿಲವಾದುದು. ವಿಲಿಯಂ ಟಿಂಡೇಲ್ ಗ್ರೀಕ್ ಮೂಲದಿಂದ ಅನುವಾದಿಸಿದ ಹೊಸ ಒಡಂಬಡಿಕೆ 1526ರಲ್ಲಿ ಜರ್ಮನಿಯ ವರ್ಮ್ಸ್ ನಗರದಲ್ಲಿ ಅಚ್ಚಾಯಿತು. 1529ರಲ್ಲಿ ಅದನ್ನು ಖಂಡಿಸಿದ ಥಾಮಸ್ ಮೋರ್ ಇಂಗ್ಲಿಷ್ ಬೈಬಲನ್ನು ತತ್ತ್ವಶಃ ವಿರೋಧಿಸಿದವನಲ್ಲ. ಬಿಷಪ್ಪರ ಮೇಲ್ವಿಚಾರಣೆಯಲ್ಲಿ ಅಂಥದೊಂದು ಅನುವಾದ ಆಗಬಹುದೆಂದೇ ಅವನ ಮತ. ಅವನ ಆಕ್ಷೇಪವಿದ್ದುದು ಕೆಲವು ಪದಗಳಿಗೆ.

ಗ್ರೀಕಿನ 'ಎಕ್ಲೇಸಿಯ'ಕ್ಕೆ ಟಿಂಡೇಲ್ 'ಚರ್ಚ್' ಎನ್ನದೆ 'ಕಾಂಗ್ರಿಗೇಶನ್' ಎಂದ. ಮೂಲದಲ್ಲಿ ಅದು ಕೂಡಿದ ಜನರ ಸಭೆ. 'ಚರ್ಚ್' ಎಂದೊಡನೆ ಪೋಪನಿಂದ ಪಾದ್ರಿಯವರೆಗಿನ ಶ್ರೇಣಿ ಕಣ್ಣಮುಂದೆ ಬರುತ್ತದೆ. 'ಪ್ರೆಸ್ಬುಟೆರೊಸ್' ಎಂಬಲ್ಲಿ 'ಪ್ರೀಸ್ಟ್' ಬದಲು 'ಸೀನಿಯರ್' ಬಂದಿತು. ಈ ಪದವನ್ನು ಮೋರ್ ಗೇಲಿ ಮಾಡಿದ. ಅದು ಒಳ್ಳೆಯ ಇಂಗ್ಲಿಷ್ ಅಲ್ಲವೆಂದು ಟಿಂಡೇಲನೂ ಒಪ್ಪಿ 1534ರ ಪರಿಷ್ಕರಣದಲ್ಲಿ 'ಎಲ್ಡರ್' ಎಂದು ತಿದ್ದಿದ. ಆದರೆ ಯಾಜಕನಿಗೆ ಮಾತ್ರ ಎಡೆಗೊಡಲಿಲ್ಲ. 'ಪ್ರಾಯಶ್ಚಿತ್ತ ಮಾಡಿರಿ' ಎಂಬರ್ಥದಲ್ಲಿ ಓದಿಕೊಂಡು ಬಂದಿದ್ದ ಲ್ಯಾಟಿನ್ ಪಾಠದ ಎಡೆಯಲ್ಲಿ 'ಪಶ್ಚಾತ್ತಾಪಪಡಿರಿ' ಎಂಬ ಅರ್ಥ ನಿಂತಿತು. ಪಾಪನಿವೇದನೆಯ ಸಂಸ್ಕಾರಕ್ಕೆ ಶಾಸ್ತ್ರಾಧಾರವೇ ಸಡಿಲವಾಯಿತೆಂಬುದು ವಿರೋಧಿಗಳ ಆತಂಕ. ಆತಂಕ ನಿರಾಧಾರವಾದುದಲ್ಲ.

1531ರ ಉತ್ತರದಲ್ಲಿ ಟಿಂಡೇಲ್ ಎತ್ತಿದ ಪ್ರಶ್ನೆ ಮಾರ್ಮಿಕವಾದುದು: ಲ್ಯಾಟಿನ್ ಅನುವಾದದಲ್ಲಿ ಎರಾಸ್ಮಸನೂ ಕೆಲವೆಡೆ 'ಕಾಂಗ್ರಿಗೇಶಿಯೊ' ಎಂದಿರಲು, ಮಿತ್ರನಾದ ಮೋರ್ ಅವನನ್ನೇಕೆ ದೂಷಿಸಲಿಲ್ಲ? ಎರಾಸ್ಮಸನಲ್ಲಿ ದುರುದ್ದೇಶವಿರಲಿಲ್ಲವೆಂದು ಮೋರ್ ಸಮರ್ಥಿಸಿದ. ಅಂದರೆ ಪದದ ಅರ್ಥವಷ್ಟೇ ಅಲ್ಲ, ಅನುವಾದಕನ ಉದ್ದೇಶವೂ ವಿಚಾರಣೆಗೆ ಒಳಗಾಗಿತ್ತು. ವಿದ್ವಾಂಸರ ಲ್ಯಾಟಿನ್ನಿನಲ್ಲಿ ಸಹ್ಯವಾದುದು ಜನರ ಇಂಗ್ಲಿಷಿನಲ್ಲಿ ಅಪಾಯಕಾರಿಯಾಗಿ ತೋರಿರಲೂ ಸಾಕು. ರಾಜನನ್ನು ಇಂಗ್ಲೆಂಡಿನ ಚರ್ಚಿನ ಮುಖ್ಯಸ್ಥನೆಂದು ಒಪ್ಪದ ಮೋರ್ 1535ರಲ್ಲಿ ಶಿರಚ್ಛೇದಕ್ಕೆ ಗುರಿಯಾದ; ಮರುವರ್ಷ ಬ್ರಸೆಲ್ಸ್ ಬಳಿಯ ವಿಲ್ವೋರ್ಡೆಯಲ್ಲಿ ಟಿಂಡೇಲನನ್ನು ಕತ್ತುಹಿಸುಕಿ ಸುಡಲಾಯಿತು.

ಕಥೋಲಿಕರದೇ ಆದ ಇಂಗ್ಲಿಷ್ ಹೊಸ ಒಡಂಬಡಿಕೆ 1582ರಲ್ಲಿ ರೀಮ್ಸ್‌ನಿಂದ ಹೊರಬಂದಾಗ ಅದರಲ್ಲಿ ಪ್ರಾಯಶ್ಚಿತ್ತದ ಪದ ಮರಳಿತು. ಹೆಚ್ಚು ಕುತೂಹಲಕರವಾದುದು 1611ರ ಪ್ರೊಟೆಸ್ಟೆಂಟ್ ಆವೃತ್ತಿ. ಟಿಂಡೇಲನ ವಾಕ್ಯಗಳನ್ನು ಹೇರಳವಾಗಿ ಉಳಿಸಿಕೊಂಡ ಅದರ ಅನುವಾದಕರಿಗೆ, 'ಚರ್ಚ್' ಪದವನ್ನು 'ಕಾಂಗ್ರಿಗೇಶನ್' ಎನ್ನಕೂಡದೆಂಬ ನಿಯಮ ವಿಧಿಸಲಾಗಿತ್ತು. ಆ ಹೊತ್ತಿಗೆ ರಕ್ಷಿಸಬೇಕಾದ ಚರ್ಚೊಂದು ರಾಜನಿಗೂ ಇದ್ದಿತು. ಕನ್ನಡದಲ್ಲಿ ಇದೇ ಗ್ರೀಕ್ ಪದಕ್ಕೆ ಪ್ರೊಟೆಸ್ಟೆಂಟರ ಬೈಬಲಿನಲ್ಲಿ 'ಸಭೆ' ಎಂದೂ ಕಥೋಲಿಕರ ಬಳಕೆಯಲ್ಲಿ 'ಧರ್ಮಸಭೆ' ಎಂದೂ ಇರುವುದನ್ನು ಈ ಹಿನ್ನೆಲೆಯಲ್ಲಿ ಗಮನಿಸಬಹುದು.